ಬೀಸುಕಲ್ಲು ಹಾಡುತ್ತಿದೆ, ಶಾಸನಕ್ಕೂ ದನಿ ಕೊಡೋಣ ಬನ್ನಿ

ಊರಿನ ಬಂಧುಗಳಿಗೆ, ಬೆಂಗಳೂರು ಸೇರಿರುವ ಹಳೆಯ ವಿದ್ಯಾರ್ಥಿಗಳಿಗೆ ನಮಸ್ಕಾರ.

ಬೇಲೂರು ತಾಲ್ಲೂಕಿನ ನಮ್ಮ ಶಾಲೆಯ ಹಳೇ ಕೊಠಡಿಯಲ್ಲಿ ಪುಟ್ಟ ಮ್ಯೂಸಿಯಂ ಇರುವುದು ನಿಮಗೆ ಗೊತ್ತಲ್ವಾ? ಸೇರು, ಕೊಳಗ, ಒನಕೆ, ಗೊರಬು ಎಲ್ಲ ನಿಮ್ಮ ಅಟ್ಟದಿಂದಲೇ ಇಳಿದು ಬಂದವು. ಮಕ್ಕಳು ಮಾತ್ರ ಎರಡು ನಿಮಿಷ ನೋಡಿ ಹೊರಗೆ ಓಡುತ್ತಿದ್ದರು. ‘ಮುಟ್ಟಬೇಡಿ’ ಅಂತ ಬೋರ್ಡ್ ಬೇರೆ ಹಾಕಿದ್ದೆವು.

ಹೋದ ವರ್ಷ ಆ ಬೋರ್ಡ್ ತೆಗೆದೆವು. ಅಜ್ಜಿಯೊಬ್ಬರು ಹಾಡಿದ ಬೀಸೋ ಪದ ಕೇಳಿಸಲಿ ಅಂತ ಬೀಸುಕಲ್ಲಿನ ಕೆಳಗೆ ಒಂದು ಆರ್ಡುಯಿನೊ, ಹಳೇ ರೇಡಿಯೊದ ಸ್ಪೀಕರ್ ಇಟ್ಟೆವು. ಆರ್ಡುಯಿನೊ 2005ರಲ್ಲಿ ಇಟಲಿಯಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೆ ಅಂತಲೇ ಮಾಡಿದ ಸಣ್ಣ ಸರ್ಕ್ಯೂಟ್. ಅದರ ವಿನ್ಯಾಸವನ್ನು ಯಾರು ಬೇಕಾದರೂ ಬಳಸಬಹುದು, ಹಾಗಾಗಿ ಅಗ್ಗಕ್ಕೆ ಸಿಗುತ್ತದೆ.

ಯಾರಾದರೂ ಹತ್ತಿರ ಬಂದರೆ ಹಾಡು ಶುರುವಾಗಲಿ ಅಂತ ಮೊದಲು ಪಿಐಆರ್ ಅನ್ನುವ ಸೆನ್ಸರ್ ಹಾಕಿ ಪೇಚಿಗೆ ಸಿಕ್ಕೆವು. ಮೈ ಬೆಚ್ಚಗಿರುವ ಯಾವುದು ಸುಳಿದರೂ ಅದಕ್ಕೆ ಸಾಕು. ಒಂದು ರಾತ್ರಿ ಬೆಕ್ಕು ನುಗ್ಗಿ, ಕತ್ತಲಲ್ಲಿ ಅಜ್ಜಿಯ ಬೀಸೋ ಪದ ಶುರು! ವಾಚ್‌ಮನ್ ಮಾರನೇ ದಿನ ಕೆಲಸಕ್ಕೇ ಬರಲಿಲ್ಲ. ಈಗ ಮೇಲಿನ ಕಲ್ಲಿಗೆ ಅಯಸ್ಕಾಂತ, ಪಕ್ಕದಲ್ಲಿ ರೀಡ್ ಸ್ವಿಚ್. ಅಯಸ್ಕಾಂತ ಹತ್ತಿರ ಬಂದಾಗಲೆಲ್ಲ ಗಾಜಿನ ಕೊಳವೆಯೊಳಗಿನ ಎರಡು ಪುಟ್ಟ ತಗಡು ಕೂಡಿಕೊಳ್ಳುತ್ತವೆ. ಕಲ್ಲು ತಿರುಗಿದರೆ ಹಾಡು, ನಿಂತರೆ ಅದೂ ಗಪ್‌ಚಿಪ್. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಇಡೀ ಪದ ಕೇಳಲೇಬೇಕು ಅಂತ ಬೀಸಿದಳು. ಆಮೇಲೆ ಕೈ ಒದರುತ್ತಾ, “ಅಜ್ಜಿ ಇದನ್ನ ದಿನಾ ಮಾಡ್ತಿದ್ರಾ ಸಾರ್?” ಅಂದಳು.

ಈಗ ನಮ್ಮ ಕಣ್ಣು ಹಲ್ಮಿಡಿ ಶಾಸನದ ಮೇಲೆ. 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಶಾಸನ ನಮ್ಮ ತಾಲ್ಲೂಕಿನದೇ. ಮೂಲ ಕಲ್ಲು ಮೈಸೂರಿನಲ್ಲಿದೆ. ಅದರ ಪಡಿಯಚ್ಚು ಮಾಡಿಸಿ, ಪ್ರತಿ ಸಾಲಿನ ಪಕ್ಕ ತಾಮ್ರದ ಪಟ್ಟಿ ಅಂಟಿಸುತ್ತೇವೆ. ಬೆರಳು ಇಟ್ಟರೆ ಆ ಸಾಲು ಕೇಳಿಸಬೇಕು, ಹಿಂದೆಯೇ ಇವತ್ತಿನ ಕನ್ನಡದಲ್ಲಿ ಅರ್ಥ. ಓದಲು ನಿವೃತ್ತ ಕನ್ನಡ ಮೇಷ್ಟ್ರು ಒಪ್ಪಿದ್ದಾರೆ. ನಾವು ನೋಡಿಟ್ಟಿರುವ ಟಚ್ ಸೆನ್ಸರಿಗೆ 12 ತಂತಿ ಮಾತ್ರ ಕೊಡಬಹುದು. ಶಾಸನದಲ್ಲಿ 16 ಸಾಲು. ಎರಡು ಬೇಕೇ ಬೇಕು.

ಒಟ್ಟು ಖರ್ಚು 18,000 ರೂಪಾಯಿ. ಅಚ್ಚಿಗೂ ಕರೆಂಟ್ ಹೋದಾಗಿನ ಬ್ಯಾಟರಿಗೂ ಜಾಸ್ತಿ ಹೋಗುತ್ತದೆ. ಎಲೆಕ್ಟ್ರಾನಿಕ್ಸ್ 3,000 ದಾಟುವುದಿಲ್ಲ. 100 ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ, ಲೆಕ್ಕ ಮ್ಯೂಸಿಯಂ ಬಾಗಿಲಲ್ಲೇ ಅಂಟಿಸುತ್ತೇವೆ. ಸುಮ್ನೆ ಬಿದ್ದಿರುವ 5 ವೋಲ್ಟ್ ಮೊಬೈಲ್ ಚಾರ್ಜರ್, ಸ್ಪೀಕರ್ ಇದ್ದರೂ ಕೊಡಿ. ಮನೆಯಲ್ಲಿ ಬೀಸೋ ಪದ ಬಲ್ಲ ಅಜ್ಜಿ ಇದ್ದರೆ ಹೇಳಿ, ರೆಕಾರ್ಡ್ ಮಾಡಲು ನಾವೇ ಬರುತ್ತೇವೆ.

ಶಾಲೆಯ ಕಚೇರಿ ಶನಿವಾರವೂ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಬೀಸಲು ರಾಗಿ ಇಟ್ಟಿರುತ್ತೇವೆ.

ಕಾರ್ಯದರ್ಶಿ,
ಶಾಲಾ ಟ್ರಸ್ಟ್