ಕಲ್ಮಷವೆಂದು ಎಸೆದದ್ದು

ಮಾನ್ಯರೇ,

ಮೂವತ್ತು ವರ್ಷ ಲ್ಯಾಬ್‌ನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವನು ನಾನು. ಸಿಯೆರಾ ಲಿಯೋನ್‌ನ ಟಕುಗಾಮಾ ಧಾಮದಲ್ಲಿ 2005ರಿಂದ ಐವತ್ತಕ್ಕೂ ಹೆಚ್ಚು ಚಿಂಪಾಂಜಿಗಳು ಸತ್ತಿವೆ. ಹೊಟ್ಟೆ ಉಬ್ಬರ, ತೂರಾಟ, ಆಮೇಲೆ ಸಾವು. ವರ್ಷಗಟ್ಟಲೆ ಕಾರಣವೇ ತಿಳಿಯಲಿಲ್ಲ. ಕೊನೆಗೆ ಮಿದುಳಿನ ಮಾದರಿಯಲ್ಲಿ ಸಿಕ್ಕಿದ್ದು, ನಾಲ್ಕು ಕೋಶ ಅಂಟಿಕೊಂಡು ನಾಲ್ಕೆಸಳ ಹೂವಿನಂತೆ ಕಾಣುವ ಸಾರ್ಸಿನಾ ಬ್ಯಾಕ್ಟೀರಿಯಾ. ಅದು ಹೊಸ ಪ್ರಭೇದವೆಂದು 2021ರಲ್ಲಿ ವರದಿಯಾಯಿತು. ಇಂಥ ಆಕಾರ ಕಂಡಾಗ, ಮಾದರಿಗೆ ಹೊರಗಿನಿಂದ ಸೇರಿದ ‘ಕಲ್ಮಷ’ ಎಂದು ಬರೆದು ನಾನೇ ಎಷ್ಟು ಸ್ಲೈಡ್ ಎಸೆದಿದ್ದೇನೋ!

ನಮ್ಮ ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ರೋಗವೂ 1957ರಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಬೆಳಕಿಗೆ ಬಂದದ್ದು. ಮೃಗಾಲಯಗಳಲ್ಲಿ ಕೋತಿ ಸತ್ತರೆ ಹೂಳುವ ಮುನ್ನ ಹೃದಯ, ಮಿದುಳು, ಕರುಳಿನ ಒಂದೊಂದು ಚೂರನ್ನಾದರೂ ಮುಂದಿನ ಪರೀಕ್ಷೆಗೆಂದು ಫ್ರೀಜರ್‌ನಲ್ಲಿ ಇಡಲಿ.

– ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಸಾಗರ