ಬಾಕ್ಸ್ ಲೆಕ್ಕ ಸರಿ ಇದೆ, ಒಳಗಿನ ದಾಖಲೆ ಪೂರ್ತಿ ಕಲಸಿ ಹೋಗಿದೆ

ಇವರಿಗೆ,
ಮ್ಯಾನೇಜರ್ ಅವರು,
ಪ್ಯಾಕರ್ಸ್ ಆಂಡ್ ಮೂವರ್ಸ್, ಹುಬ್ಬಳ್ಳಿ ಬ್ರಾಂಚ್

ವಿಷಯ: ಶಿರಸಿಯ ನಮ್ಮ ದಾಖಲೆ ಸಂಗ್ರಹವನ್ನ ಹೊಸ ಕಟ್ಟಡಕ್ಕೆ ಸಾಗಿಸುವಾಗ ಆದ ಹಾಳು ಮತ್ತು ಬಾಕಿ ಬಿಲ್

ನಮಸ್ಕಾರ ಸರ್,

ಬಾಕಿ ದುಡ್ಡು ಯಾವಾಗ ಹಾಕ್ತೀರಿ ಅಂತ ನಿಮ್ಮ ಆಫೀಸಿಂದ ಫೋನ್ ಮೇಲೆ ಫೋನ್ ಬರ್ತಿದೆ, ಫೋನ್ ಮಾಡೋ ಹುಡುಗಿಗೆ ಇದನ್ನೆಲ್ಲ ಹೇಳಿ ಪ್ರಯೋಜನ ಇಲ್ಲ, ಪಾಪ ಅವಳಿಗೆ ಎಂತ ಗೊತ್ತಿರತ್ತೆ, ಅದಕ್ಕೆ ಬರೆದೇ ಕಳಿಸ್ತಿದೀನಿ. ನಿಮ್ಮ ಸೂಪರ್‌ವೈಸರ್ ಕೊಟ್ಟ ಡೆಲಿವರಿ ಚೀಟಿಯಲ್ಲಿ ಎಲ್ಲಾ ಬಾಕ್ಸ್ ತಲುಪಿದೆ, ಲೆಕ್ಕ ಸರಿ ಇದೆ ಅಂತ ಬರೆದಿದೆ. ಹೌದು, ಲೆಕ್ಕ ಸರಿನೇ ಇದೆ, ಒಂದು ಬಾಕ್ಸೂ ಕಮ್ಮಿ ಆಗಿಲ್ಲ. ಆದ್ರೂ ಬಿಲ್ ಯಾಕೆ ತಡೆಹಿಡಿದಿದೀವಿ ಅಂದ್ರೆ ಆ ಬಾಕ್ಸ್ ಒಳಗೆ ಇರೋದು ಯಾವ ಊರಿಂದು, ಯಾವ ವರ್ಷದ್ದು ಅಂತ ಇವತ್ತಿಗೂ ನಮಗೆ ಹೇಳೋಕೆ ಆಗ್ತಿಲ್ಲ.

ಹಳೇ ಕಟ್ಟಡ ಹಂಚಿನ ಮಾಡು, ಮಳೆ ಬಂದ್ರೆ ಸೋರ್ತಿತ್ತು, ಗೆದ್ದಲು ಬೇರೆ, ಅದಕ್ಕೇ ಊರವರೆಲ್ಲ ಸೇರಿ ಹೊಸದು ಕಟ್ಸಿದ್ದು. ಅಲ್ಲಿ ಇದ್ದಿದ್ದು ಹಳ್ಳಿಗಳ ಹಳೇ ತೆರಿಗೆ ಪುಸ್ತಕ, ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡಿನ) ನಕ್ಷೆ, ಅಡಿಕೆ ವ್ಯಾಪಾರದ ಖಾತೆ, ಸ್ವಾತಂತ್ರ್ಯ ಹೋರಾಟದಲ್ಲಿ ತೆರಿಗೆ ಕೊಡಲ್ಲ ಅಂದ ಕರನಿರಾಕರಣೆ ಕಾಲದ ಕಾಗದಪತ್ರ, ಒಂದಷ್ಟು ಹಳೇ ಫೋಟೋಗಳ ಗಾಜಿನ ನೆಗೆಟಿವ್. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರ ತನಕ ಮದ್ರಾಸಿಗೆ ಸೇರಿತ್ತು, ಆಮೇಲೆ 1956ರ ತನಕ ಮುಂಬೈ ಕಡೆಗಿತ್ತು, ಹಾಗಾಗಿ ಒಂದೇ ಊರಿನ ವಿಷಯ ಕನ್ನಡದಲ್ಲೊಂದು ಕಾಗದ, ಇಂಗ್ಲಿಷಲ್ಲೊಂದು, ಮೋಡಿ ಲಿಪಿಯ (ಹಿಂದೆ ಮರಾಠಿ ಬರೀತಿದ್ದ ಕೂಡಕ್ಷರ) ಮರಾಠಿಯಲ್ಲೊಂದು ಹೀಗೆ ಇರತ್ತೆ, ಮೂರೂ ಒಂದೇ ಕೆಂಪು ಬಟ್ಟೆ ಗಂಟಲ್ಲಿ ಕಟ್ಟಿದ್ದು. ಗಂಟಿನ ಮೇಲೆ ಊರು, ವರ್ಷ, ರ‍್ಯಾಕ್ ನಂಬರ್ ಬರೆದ ಚೀಟಿ. ಗಂಟು ಬಿಚ್ಚಬೇಡಿ, ರ‍್ಯಾಕಲ್ಲಿ ಹೇಗಿದೆಯೋ ಅದೇ ಸಾಲಲ್ಲಿ ಬಾಕ್ಸಿಗೆ ತುಂಬಿ, ಬಾಕ್ಸ್ ಮೇಲೆ ರ‍್ಯಾಕ್ ನಂಬರ್ ಬರೀರಿ ಅಂತ ವರ್ಕ್ ಆರ್ಡರಲ್ಲೇ ಹಾಕಿದ್ವಿ, ನಿಮ್ಮವರ ಸಹಿನೂ ಇದೆ ಅದರ ಕೆಳಗೆ.

ನಿಮ್ಮ ಹುಡುಗರು ಎಂತ ಮಾಡಿದ್ದಾರೆ ಅಂದ್ರೆ, ದೊಡ್ಡ ಗಂಟು ಕೆಳಗೆ ಸಣ್ಣ ಗಂಟು ಮೇಲೆ, ಜಾಗ ಉಳಿದಲ್ಲಿ ಬಿಚ್ಚಿ ತುರುಕೋದು, ಮಾರಿ ಜಾತ್ರೆ ಮುಗಿದ ಮೇಲೆ ಅಂಗಡಿಯವರು ಸಾಮಾನು ಕಟ್ತಾರಲ್ಲ ಹಾಗೆ. ಮೋಡಿ ಕಾಗದ ಎಲ್ಲಾ ಬೇರೆ ಮಾಡಿ ಒಂದೇ ಬಾಕ್ಸಲ್ಲಿ ಹಾಕಿ ಮೇಲೆ ಮಾರ್ಕರಲ್ಲಿ "ಹಿಂದಿ" ಅಂತ ಬರೆದಿದ್ದಾರೆ. ನಗಬೇಕೋ ಅಳಬೇಕೋ ಹೇಳಿ. ಚೀಟಿ ಎಲ್ಲಿ ಹೋಯ್ತು ಅಂತ ಕೇಳಿದ್ರೆ ಸೂಪರ್‌ವೈಸರ್ ಭಾರಿ ಜವಾಬ್ದಾರಿಯಿಂದ ಒಂದು ಕ್ಯಾರಿಬ್ಯಾಗ್ ತಂದು ಕೈಗೆ ಕೊಟ್ರು, "ಹರಿದು ಹೋಗ್ಬಾರ್ದು ಅಂತ ಎಲ್ಲಾ ಬಿಚ್ಚಿ ಇದ್ರಲ್ಲಿ ಸೇಫಾಗಿ ಇಟ್ಟಿದೀವಿ ಸರ್" ಅಂತ. ಬ್ಯಾಗ್ ತುಂಬಾ ಚೀಟಿ, ಯಾವ ಚೀಟಿ ಯಾವ ಗಂಟಿಂದು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಕಾಗದ ಎಲ್ಲಾ ಇದೆಯಲ್ಲ ಮತ್ತೆಂತ ನಷ್ಟ ಅಂತ ನಿಮ್ಮ ಆಫೀಸವರು ಕೇಳಿದ್ರು. ಸರ್, ಇಲ್ಲಿಗೆ ಬರೋರು ಹೆಚ್ಚಿನವರು ಓದೋಕೆ ಬರೋರಲ್ಲ, ಜಮೀನಿನ ಕಾಗದ ಹುಡುಕ್ಕೊಂಡು ಬರೋರು. ಕಾಡಿನ ಜಮೀನಿಗೆ ಹಕ್ಕು ಕೊಡೋ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಅರ್ಜಿ ಹಾಕಿದ್ರೆ 13 ಡಿಸೆಂಬರ್ 2005ಕ್ಕೂ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ಇದ್ವಿ ಅಂತ ತೋರಿಸ್ಬೇಕು. ಅಜ್ಜನ ಹೆಸರು ಇರೋ ಒಂದು ಹಾಳೆ ಸಿಕ್ಕಿದ್ರೂ ಅವರಿಗೆ ಅದು ದೊಡ್ಡ ಆಧಾರ. ಆ ಹಾಳೆ ಬಿಡಿಯಾಗಿ ಸಿಕ್ಕಿದ್ರೆ ಯಾವ ಊರಿನ ಪುಸ್ತಕದ್ದು, ಯಾವ ವರ್ಷದ್ದು ಅಂತ ಯಾರು ನಂಬ್ತಾರೆ? ಈಗ ಬಂದವರಿಗೆಲ್ಲ ಮುಂದಿನ ತಿಂಗಳು ಬನ್ನಿ ಅಂತ ಹೇಳಿ ವಾಪಸ್ ಕಳಿಸ್ತಿದೀವಿ, ಸಿದ್ದಾಪುರದ ಒಳಗಿನ ಹಳ್ಳಿಯಿಂದ ಬಸ್ಸು ಬದಲಾಯಿಸಿ ಬಂದ ವಯಸ್ಸಾದವರಿಗೆ ಹಾಗೆ ಹೇಳೋಕೆ ಬಾಯಿ ಬರಲ್ಲ.

ಇನ್ನು ಮಳೆ ವಿಷಯ. ಮೇ ತಿಂಗಳಲ್ಲೇ ಮುಗಿಸ್ತೀವಿ ಅಂದಿದ್ರಿ, ಲಾರಿ ತಂದಿದ್ದು ಮೃಗಶಿರ ಮಳೆ ಹಿಡಿದ ಮೇಲೆ. ಅದೂ ಹೋಗ್ಲಿ ಅಂದ್ರೆ ಗಂಟುಗಳಿಗೆ ಪ್ಲಾಸ್ಟಿಕ್ ಸುತ್ತಿ ಲಾರಿಯನ್ನ ರಾತ್ರಿಯಿಡೀ ಹೊರಗೇ ನಿಲ್ಲಿಸಿದ್ರಿ. ನೀರು ಒಳಗೆ ಬರಲ್ಲ ಅಂತ ಸುತ್ತಿದ್ದಿರಬಹುದು, ಆದ್ರೆ ಒಳಗಿನ ತೇವ ಹೊರಗೂ ಹೋಗಲ್ಲ ಅಲ್ವಾ. ಗಾಳಿಯಲ್ಲಿ ತೇವಾಂಶ ಶೇಕಡಾ 65-70 ದಾಟಿದ್ರೆ ಕಾಗದಕ್ಕೆ ಬೂಸ್ಟು ಬರೋಕೆ ಶುರು ಆಗತ್ತೆ, ಶಿರಸಿ ಮಳೆಗಾಲ ಹೇಗಿರತ್ತೆ ಅಂತ ಬಿಡಿಸಿ ಹೇಳ್ಬೇಕಾ? ಬಿಚ್ಚಿದಾಗ ಕೆಂಪು ಬಟ್ಟೆಯ ಬಣ್ಣ ಇಳಿದು ಅಂಚಿನ ಹಾಳೆಗೆಲ್ಲ ಹತ್ತಿದೆ, ಖಾತೆ ಪುಸ್ತಕದ ರಟ್ಟಿನ ಮೇಲೆ ಬೂದು ಬಣ್ಣದ ಬೂಸ್ಟು. ಬಿಸಿಲಿಗೆ ಹಾಕಿ ಸರ್ ಅಂತ ಸಲಹೆ ಕೊಟ್ರು ನಿಮ್ಮವರು. ಜೂನಲ್ಲಿ ಇಲ್ಲಿ ಬಿಸಿಲು ಎಲ್ಲಿಂದ ತರ್ಲಿ ಮಾರಾಯ್ರೇ, ಇದ್ರೂ ಹಳೇ ಕಾಗದ ಬಿಸಿಲಿಗೆ ಹಾಕಿದ್ರೆ ಶಾಯಿ ಮಾಸಿ ಕಾಗದ ಪುಡಿ ಆಗತ್ತೆ. ಈಗ ಫ್ಯಾನ್ ಕೆಳಗೆ ಹಾಳೆ ಹಾಳೆ ಮಧ್ಯೆ ಬ್ಲಾಟಿಂಗ್ ಪೇಪರ್ ಇಟ್ಟು ಒಣಗಿಸ್ತಾ ಕೂತಿದೀವಿ, ಅದೂ ಕರೆಂಟ್ ಇದ್ದಾಗ.

ಗಾಜಿನ ನೆಗೆಟಿವ್ ನಿಲ್ಲಿಸಿ ಇಡ್ಬೇಕು ಅಂತ ಡಬ್ಬಿ ಮೇಲೇ ಬರೆದಿತ್ತು, ಒಂದರ ಮೇಲೊಂದು ಮಲಗಿಸಿದ್ದಕ್ಕೆ ಕೆಳಗಿನವು ಒಡೆದಿವೆ. ಒಂದು ಬೆಟ್ಟದ ನಕ್ಷೆಗೆ ನೇರ ಸೆಲೋಟೇಪ್ ಹಚ್ಚಿದ್ದಾರೆ, ತೆಗೆಯೋಕೆ ಹೋದ್ರೆ ಬಣ್ಣ ಕಿತ್ತು ಬರ್ತಿದೆ, ಹಾಗೇ ಬಿಟ್ಟಿದೀವಿ.

ಓನರ್ಸ್ ರಿಸ್ಕ್, ಅಂದ್ರೆ ಹಾಳಾದ್ರೆ ಸಾಮಾನಿನ ಮಾಲೀಕರದ್ದೇ ಹೊಣೆ, ಅಂತ ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿ ಇದೆ ಅಂತ ತೋರಿಸಿದ್ರು. ಇರಲಿ. ರಸ್ತೆ ಸಾಗಣೆ ಕಾಯ್ದೆ 2007ರ ಪ್ರಕಾರ ಬುಕಿಂಗ್ ಆದ 180 ದಿನದೊಳಗೆ ಹಾಳಾಗಿದ್ದರ ಬಗ್ಗೆ ಲಿಖಿತ ನೋಟಿಸ್ ಕೊಡ್ಬೇಕು, ಈ ಪತ್ರನೇ ಆ ನೋಟಿಸ್ ಅಂತ ತಿಳ್ಕೊಳಿ, ಸ್ಪೀಡ್ ಪೋಸ್ಟಲ್ಲೂ ಕಳಿಸಿದೀನಿ. ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋಕೆ ಎರಡು ವರ್ಷ ಟೈಮ್ ಇದೆ, ಹೋಗೋ ಆಸೆ ನಮಗೇನಿಲ್ಲ, ಘಟ್ಟ ಇಳಿದು ಹತ್ತೋದೇ ಒಂದು ದಿನದ ಕೆಲಸ.

ಕಾಗದ ರಿಪೇರಿ ಮಾಡೋ ತಜ್ಞರನ್ನ ಕರೆಸ್ತಿದೀವಿ, ಅವರ ಖರ್ಚು ನಿಮ್ಮ ಬಾಕಿ ಬಿಲ್ಲಿಂದ ಕಳೆದು ಉಳಿದಿದ್ರೆ ಕೊಡ್ತೀವಿ, ಸಾಲದಿದ್ರೆ ನೀವು ಕೊಡ್ಬೇಕು. ಅದಕ್ಕಿಂತ ಅರ್ಜೆಂಟ್ ಇನ್ನೊಂದಿದೆ. ಪ್ಯಾಕಿಂಗ್ ಶುರು ಮಾಡೋ ಮುಂಚೆ ಇನ್ಶೂರೆನ್ಸಿಗೆ ಬೇಕು ಅಂತ ನಿಮ್ಮ ಸೂಪರ್‌ವೈಸರ್ ಪ್ರತಿ ರ‍್ಯಾಕಿನ ಫೋಟೋ ತನ್ನ ಮೊಬೈಲಲ್ಲಿ ತೆಗೆದಿದ್ರು. ಚೀಟಿ ಸಮೇತ ಗಂಟುಗಳು ಸಾಲಾಗಿ ಇರೋದು ಈಗ ಆ ಫೋಟೋದಲ್ಲಿ ಮಾತ್ರ. ಕೇಳಿದ್ರೆ ಮೊಬೈಲ್ ಚೇಂಜ್ ಮಾಡಿದೀನಿ ನೋಡ್ತೀನಿ ಅಂತಾರೆ. ದಯವಿಟ್ಟು ಅವರಿಗೆ ಹೇಳಿ ಆ ಫೋಟೋ ಎಲ್ಲಾ ಈ ವಾರದೊಳಗೆ ಕಳಿಸಿ, ವಾಟ್ಸಾಪಲ್ಲಿ ಬೇಡ ಅಕ್ಷರ ಮಸುಕಾಗತ್ತೆ, ಮೇಲ್ ಮಾಡಿ ಅಥವಾ ಪೆನ್‌ಡ್ರೈವಲ್ಲಿ ಹಾಕಿ ಶಿರಸಿ ಬಸ್ಸಿಗೆ ಕೊಟ್ಟು ಕಳಿಸಿ, ಸ್ಟ್ಯಾಂಡಿಗೆ ಬಂದು ನಾವೇ ತಗೋತೀವಿ.

ಇಂತಿ,
ಕಾರ್ಯದರ್ಶಿ, ದಾಖಲೆ ಸಂಗ್ರಹದ ಸಮಿತಿ ಪರವಾಗಿ
ಶಿರಸಿ