ಎಂಜಿಬಿ ಮಾರ್ಪಾಡು: ಪಟ್ಟಿ ಕಳಿಸುವ ಮುನ್ನ

ಎಲ್ಲರಿಗೂ ನಮಸ್ಕಾರ. ನಿಮ್ಮ ಎಂಜಿಬಿಗೆ, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರಿಗೆ, ಏನೇನು ಮಾರ್ಪಾಡು ಬೇಕು ಅಂತ ನೀವು ಕಳಿಸಿದ ಪಟ್ಟಿಗಳೆಲ್ಲ ಎಂಜಿನ್‌ನಿಂದಲೇ ಶುರುವಾಗಿವೆ! ಗಾಡಿ ಮೊದಲು ಸರಿಯಾಗಿ ನಿಲ್ಲಬೇಕು, ಆಮೇಲೆ ಓಡಲಿ, ಅಲ್ವಾ? ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ಕೊಳವೆ), ಟೈರ್, ಸಸ್ಪೆನ್ಷನ್ ಬುಷ್ (ಕೀಲುಗಳಲ್ಲಿರುವ ರಬ್ಬರ್ ತುಂಡು) ಪಟ್ಟಿಯ ಮೊದಲಿಗೆ ಬರಲಿ. ಟೈರ್ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2310 ಅಂತಿದ್ದರೆ ಅದು 2010ರ 23ನೇ ವಾರದ್ದು. ನೋಡಲು ಹೊಸದರಂತಿದ್ದರೂ ತೆಗೆದುಬಿಡಿ.

ಎಲೆಕ್ಟ್ರಾನಿಕ್ ಇಗ್ನಿಷನ್ (ಎಂಜಿನ್ನಿನ ಕಿಡಿಯನ್ನು ಎಲೆಕ್ಟ್ರಾನಿಕ್ ಆಗಿ ನಿಯಂತ್ರಿಸುವ ಕಿಟ್) ಕೇಳಿದವರು ಸ್ವಲ್ಪ ತಾಳಿ. 1962ರಿಂದ 1967ರವರೆಗಿನ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಲೋಹದ ಮೈಗೆ ಜೋಡಣೆ (ಅರ್ತ್) ಆಗಿರುತ್ತಿತ್ತು. ಆಮೇಲಿನವುಗಳಲ್ಲಿ ಮೈನಸ್. ಹಳೇ ಮಾಲೀಕರು ಯಾರೋ ಅದಲುಬದಲು ಮಾಡಿರಲೂಬಹುದು. ಸುಮ್ನೆ ಇಸವಿ ನಂಬಬೇಡಿ. ಸೀಟಿನ ಹಿಂದಿನ ಮುಚ್ಚಳ ತೆಗೆದು, ದಪ್ಪ ವೈರು ಬ್ಯಾಟರಿಯ ಯಾವ ತುದಿಯಿಂದ ಗಾಡಿಯ ಮೈಗೆ ಹೋಗಿದೆ ಅಂತ ಕಣ್ಣಾರೆ ನೋಡಿ. ಇಗ್ನಿಷನ್ ಕಿಟ್ ಈ ಅರ್ತ್‌ಗೆ ಹೊಂದದಿದ್ದರೆ ಅದರ ಮಾಡ್ಯೂಲ್ ಸುಟ್ಟೇ ಹೋಗುತ್ತದೆ.

ವೆಬರ್ ಕಂಪನಿಯ ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಹಾಕುವ ಆಸೆ ಜಾಸ್ತಿ ಜನಕ್ಕಿದೆ. 1798 ಸಿಸಿಯ ಈ ಎಂಜಿನ್‌ಗೆ ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್‌ಗಳೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅವನ್ನು ಒಮ್ಮೆ ಸರಿಯಾಗಿ ಟ್ಯೂನ್ ಮಾಡಿಸಿ ಓಡಿಸಿ ನೋಡಿ, ಆಮೇಲೆ ಜಗಳ ಆಡೋಣ.

ಬಿಚ್ಚಿದ ಹಳೇ ಭಾಗಗಳನ್ನು ಚೀಟಿ ಅಂಟಿಸಿ ಎತ್ತಿಡಿ, ಗುಜರಿಗೆ ಹಾಕಬೇಡಿ. ತಿದ್ದಿದ ಪಟ್ಟಿಯನ್ನು ಭಾನುವಾರದೊಳಗೆ ಇಲ್ಲೇ ಹಾಕಿ. ಗಾಡಿಯ ಇಸವಿ, ಬ್ಯಾಟರಿ ಫೋಟೋ ಜೊತೆಗಿರಲಿ.